ಓವರ್‌ಸಿಯರನ ಹೆಂಡತಿ, ಎರಡು ಸರಕಾರ, ಒಂದು ಬಾವಿ

ಆ ದಿನದ ಬೆಳಗೂ ಎಂದಿನಂತೆಯೇ ಆಯಿತು. ಒಲೆಯ ಬೂದಿ ತೆಗೆದೆ, ಹಾಲು ಕಾಯಿಸಿದೆ, ಇವರ ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಗುಂಡಿಗಳೆಲ್ಲ ಇವೆಯೋ ಎಂದು ನೋಡಿದೆ. ಇವರು ಅಂದರೆ ನಮ್ಮ ಯಜಮಾನರು, ಯಲಬುರ್ಗಾದ ಓವರ್‌ಸಿಯರ್. ರಸ್ತೆ, ಮೋರಿ, ಬಾವಿ, ಕಚೇರಿಯ ಮಾಳಿಗೆ ಇಂಥವನ್ನೆಲ್ಲ ಮುಂದೆ ನಿಂತು ಕಟ್ಟಿಸುವ ಕೆಲಸ. ದಿನವೆಲ್ಲ ಬಗ್ಗಿ ಅಳೆಯುವವರ ಅಂಗಿಗೆ ಗುಂಡಿ ನಿಲ್ಲುವುದಿಲ್ಲ. ಜಹಗೀರಿನ ಕಾಲದಲ್ಲಿ ಇವರು ಶೇರ್ವಾನಿ ತೊಡುತ್ತಿದ್ದರು. ಆಗ ಕುತ್ತಿಗೆಯಿಂದ ಕೆಳಗಿನವರೆಗೆ ಗುಂಡಿಯೇ ಗುಂಡಿ, ನನ್ನ ಕೈಯಲ್ಲಿ ಸದಾ ಸೂಜಿ. ಸರಕಾರ ಬದಲಾಗಿ ಖಾದಿ ಬಂದ ಮೇಲೆ ಗುಂಡಿ ಕಡಿಮೆಯಾದವು, ಗಂಜಿ ಹಾಕುವ ಕೆಲಸ ಹೆಚ್ಚಾಯಿತು.

"ಗಂಜಿ ಭಾಳ ಹಾಕೀಯೇನ?" ಅಂದರು ಇವರು, ತೋಳು ಎತ್ತಿ ಇಳಿಸುತ್ತ. "ಕೈ ಎತ್ತಿದ್ರ ಅಂಗಿ ಸಪ್ಪಳ ಮಾಡ್ತೈತಿ."

"ಕೈ ಎತ್ತಬ್ಯಾಡ್ರಿ ಹಂಗಾರ."

"ಮುಖಂಡ್ರು ಬಂದಾಗ ಕೈ ಎತ್ತಿ ನಮಸ್ಕಾರ ಮಾಡಬೇಕಲ್ಲ."

ಅಷ್ಟರಲ್ಲಿ ಪಕ್ಕದ ಮನೆಯ ನಾಗವ್ವ ಗೋಡೆ ಹಿಡಿದು ಕುಂಟುತ್ತ ಬಂದು ನಮ್ಮ ಹೊಸ್ತಿಲ ಹೊರಗೆ ಕೂತಳು. ಎಡಗಾಲಿನ ಮೊಣಗಂಟಿನ ಮೇಲೆ ಅರಿವೆ ಸುತ್ತಿತ್ತು. ಅರಿವೆಯ ಒಳಗೆ ಒಂದು ಸಣ್ಣ ಕಡ್ಡಿ, ಆ ಕಡ್ಡಿಗೆ ಸುತ್ತಿಕೊಂಡ ಬಿಳೀ ದಾರದಂಥ ಹುಳ. ನಾರುಹುಣ್ಣು ಕಂಡವರಿಗೆ ಇದನ್ನು ಹೇಳಬೇಕಿಲ್ಲ, ಕಾಣದವರು ಪುಣ್ಯವಂತರು. ದಿನಕ್ಕೆ ಒಂದು ಸುತ್ತು, ಹೆಚ್ಚು ಎಳೆದರೆ ಹರಿಯುತ್ತದೆ, ಹರಿದರೆ ಕಾಲು ಬಾತು ಕುಂಬಳಕಾಯಿ ಆಗುತ್ತದೆ.

"ಔಡಲೆಣ್ಣಿ ಸ್ವಲ್ಪ ಕೊಡ್ರಿ ಅಕ್ಕಾರ," ಅಂದಳು. "ಇವತ್ತ ಸಭಾದ ಕಟ್ಟಿ ತೆರೀತಾರಂತಲ್ಲ. ನಾನೂ ನೋಡಾಕ ಬರಾಕಿ."

ಆ ಕಟ್ಟೆಯ ಕಥೆಯನ್ನೇ ನಾನು ಬರೆಯಲು ಕೂತದ್ದು. ನನ್ನ ತಮ್ಮನ ಮಗಳಿಗೆ ಈಗ ಒಬ್ಬ ಜೂನಿಯರ್ ಇಂಜಿನಿಯರನ ಜೊತೆ ಮದುವೆ ಗೊತ್ತಾಗಿದೆ. "ಕೆಲಸ ಮಾಡೋದು ಅವ್ರು, ನನಗೇನೈತಿ ಅತ್ತಿ?" ಅಂತ ಕೇಳಿದಳು. ಸರಕಾರ ನನಗೆ ಎಂದೂ ಪಗಾರ ಕೊಟ್ಟಿಲ್ಲ, ಪಿಂಚಣಿಯೂ ಇವರ ಹೆಸರಿನದೇ. ಆದರೂ ಇವರು ನಿವೃತ್ತರಾದ ದಿನ ನಾನೂ ನಿವೃತ್ತಳಾದೆ ಅನ್ನುವುದು ನನಗೆ ಗೊತ್ತು. ಯಾಕೆಂದರೆ ಮರುದಿನ ಬೆಳಿಗ್ಗೆ ಎದ್ದಾಗ ಇವತ್ತು ಊಟಕ್ಕೆ ಯಾವ ಸಾಹೇಬರು ಎಂದು ಯೋಚಿಸುವ ಗರಜು ಇರಲಿಲ್ಲ. ಆ ಹುಡುಗಿಗೆ ಉಪಯೋಗ ಆಗಲಿ ಎಂದು ಬರೆಯುತ್ತಿದ್ದೇನೆ.

ನಾನು ಓದಿದ್ದು ಬಳ್ಳಾರಿಯ ಕಾನ್ವೆಂಟಿನಲ್ಲಿ. ಸಿಸ್ಟರುಗಳು ನಮಗೆ ಇಂಗ್ಲಿಷ್ ಕಲಿಸಿದರು, ಮೇಜಿನ ಮೇಲೆ ಬಟ್ಟೆ ಹಾಸಲು, ಅದರ ಅಂಚಿಗೆ ಹೂವು ಕಸೂತಿ ಹಾಕಲು, ಊಟಕ್ಕೆ ಬರುವವರ ಹೆಸರನ್ನು ಸಣ್ಣ ಚೀಟಿಯಲ್ಲಿ ಚೆಂದಾಗಿ ಬರೆದು ಅವರವರ ತಟ್ಟೆಯ ಮುಂದೆ ಇಡಲು ಕಲಿಸಿದರು. ಮದುವೆಯಾಗಿ ಯಲಬುರ್ಗಾಕ್ಕೆ ಬಂದೆ. ಊರು ಎರೆಮಣ್ಣಿನದು. ಮಳೆಯಾದರೆ ಚಪ್ಪಲಿ ಅಲ್ಲೇ ಉಳಿಯುತ್ತದೆ, ಕಾಲು ಮುಂದೆ ಹೋಗುತ್ತದೆ. ಕಚೇರಿಯ ಕಾಗದವೆಲ್ಲ ಉರ್ದು. ನನ್ನ ಇಂಗ್ಲಿಷಿಗೆ ಕೆಲಸವಿಲ್ಲ, ಕನ್ನಡಕ್ಕೆ ಅಡಿಗೆಮನೆಯ ಆಚೆ ಕೆಲಸವಿಲ್ಲ.

ಬಂದ ಹೊಸತರಲ್ಲಿ ತಹಶೀಲ್ದಾರರನ್ನೂ ಅವರ ಜೊತೆಯವರನ್ನೂ ಊಟಕ್ಕೆ ಕರೆದಾಗ ನಾನು ಕಲಿತ ವಿದ್ಯೆ ತೋರಿಸಿದೆ. ಒಂದೊಂದು ತಟ್ಟೆಯ ಮುಂದೆ ಒಂದೊಂದು ಚೀಟಿ, ದುಂಡಾದ ಇಂಗ್ಲಿಷ್ ಅಕ್ಷರದಲ್ಲಿ ಹೆಸರು. ಬಂದವರು ತಮಗೆ ಬೇಕಾದಲ್ಲಿ ಕೂತರು. ತಹಶೀಲ್ದಾರರು ತಮ್ಮ ಮುಂದಿದ್ದ ಚೀಟಿಯನ್ನು ತಿರುಗಿಸಿ ನೋಡಿ, ಗಂಭೀರವಾಗಿ ಕಿಸೆಗೆ ಹಾಕಿಕೊಂಡರು. ವಾರದ ಮೇಲೆ ಆ ಚೀಟಿ ಇವರ ಕಚೇರಿಗೆ ಬಂತು. ಅದರ ಹಿಂದೆ ಉರ್ದುವಿನಲ್ಲಿ ಹುಕುಂ: ಅರ್ಜಿದಾರನ ತಕರಾರು ಏನೆಂದು ವಿಚಾರಿಸಿ ವರದಿ ಮಾಡತಕ್ಕದ್ದು. ಇವರು ವಿಚಾರಿಸಿ, ಅರ್ಜಿದಾರರು ರೊಟ್ಟಿ ಪಲ್ಲೆ ಉಂಡು ಸಮಾಧಾನ ಹೊಂದಿರುತ್ತಾರೆ ಎಂದು ವರದಿ ಬರೆದರು. ಫೈಲು ಮುಚ್ಚಿತು. ಆಮೇಲೆ ನಾನು ಚೀಟಿ ಇಡಲಿಲ್ಲ.

ಜಹಗೀರಿನ ಕಾಲದಲ್ಲಿ ಹಣ ಎಲ್ಲಿ ಖರ್ಚಾಗುತ್ತದೆ ಎಂದು ತಿಳಿಯಲು ದೊಡ್ಡ ಬುದ್ಧಿ ಬೇಕಿರಲಿಲ್ಲ. ವರ್ಷಕ್ಕೊಮ್ಮೆ ಮೇಲಿನ ದೊಡ್ಡ ಸಾಹೇಬರು ದೌರೆಗೆ, ಅಂದರೆ ತಾಲ್ಲೂಕು ತಿರುಗಿ ನೋಡಲು, ಬರುತ್ತಿದ್ದರು. ತಳಕಲ್ಲಿನಲ್ಲಿ ರೈಲು ಇಳಿದು ಟಾಂಗಾದಲ್ಲಿ ಯಲಬುರ್ಗಾದ ಬಂಗ್ಲೆಗೆ ಬರಬೇಕು. ಸಾಹೇಬರ ಕಣ್ಣು ಎಲ್ಲಿ ಬೀಳುತ್ತದೋ ಅಲ್ಲಿಗೆ ಸುಣ್ಣ. ದಾರಿಯ ಮೈಲುಗಲ್ಲಿಗೆ ಸುಣ್ಣ, ಬೇವಿನ ಮರದ ಬುಡಕ್ಕೆ ಸುಣ್ಣ, ಮೋರಿಯ ಎಡಗಡೆಯ ಗೋಡೆಗೆ ಸುಣ್ಣ. ಬಲಗಡೆಗೆ ಇಲ್ಲ, ಯಾಕೆಂದರೆ ಸಾಹೇಬರು ಟಾಂಗಾದಲ್ಲಿ ಎಡಕ್ಕೆ ಕೂರುತ್ತಿದ್ದರು. ಒಂದು ವರ್ಷ ಅವರು ಹೇಳದೇ ಕೇಳದೇ ಕುಷ್ಟಗಿ ಕಡೆಯಿಂದ ಬಂದುಬಿಟ್ಟರು. ಸುಣ್ಣ ಕಾಣದ ರಸ್ತೆ, ಕಿತ್ತ ಕಲ್ಲು, ಕೆಸರು ಎಲ್ಲ ಅವರ ಕಣ್ಣಿಗೆ ಬಿತ್ತು. ಆ ವರ್ಷದ ಮಂಜೂರೆಲ್ಲ ಕುಷ್ಟಗಿ ರಸ್ತೆಗೇ ಆಯಿತು. ತಳಕಲ್ಲಿನ ಬಂಡಿಯವರು ತಮ್ಮ ರಸ್ತೆ ಕೆಟ್ಟು ಹೋದಾಗ, ಸಾಹೇಬರನ್ನು ಒಮ್ಮೆ ಬಂಡಿಯಲ್ಲೇ ಕರೆತನ್ನಿ ಎಂದು ಇವರಿಗೆ ದುಂಬಾಲು ಬಿದ್ದಿದ್ದರು.

ಬಾವಿ ಮಾತ್ರ ಯಾವ ಸಾಹೇಬರ ಕಣ್ಣಿಗೂ ಬೀಳುವಂಥದ್ದಲ್ಲ. ನಮ್ಮ ಓಣಿಯ ತುದಿಯ ದಿಬ್ಬದ ಮೇಲೆ ಪಾವಟಿಗಿ ಬಾವಿ, ಅಂದರೆ ಮೆಟ್ಟಿಲ ಬಾವಿ, ಇತ್ತು. ಮೆಟ್ಟಿಲು ಇಳಿದು ಮೊಣಕಾಲುದ್ದ ನೀರಿನಲ್ಲಿ ನಿಂತು ಕೊಡ ಮುಳುಗಿಸಬೇಕು. ನಾರುಹುಣ್ಣಿನ ಕಾಲೂ ಅದೇ ನೀರಿಗೆ, ಕುಡಿಯುವ ಕೊಡವೂ ಅದೇ ನೀರಿಗೆ. ದವಾಖಾನೆಯ ಡಾಕ್ಟರು ಹೇಳಿದ್ದು ಇಷ್ಟೇ: ಪಾವಟಿಗಿ ಮುಚ್ಚಿ, ಮೇಲಿನಿಂದ ಹಗ್ಗದಲ್ಲಿ ನೀರು ಸೇದುವಂತೆ ಗಡಗಡಿ, ಅಂದರೆ ರಾಟೆ, ಹಾಕಿಸಿ, ನೀರಿಗೆ ಯಾರ ಕಾಲೂ ತಾಗಬಾರದು, ಈ ರೋಗ ತಾನೇ ಹೋಗುತ್ತದೆ. ಈ ವರ್ಷ ಕುಡಿದ ನೀರು ಬರುವ ವರ್ಷ ಹುಣ್ಣಾಗುತ್ತದೆ ಎಂದೂ ಹೇಳಿದರು. ನಾಗವ್ವನಿಗೆ ವರ್ಷ ತಪ್ಪದೇ ಬರುತ್ತಿತ್ತು. ಒಮ್ಮೆ ಮೊಣಗಂಟು, ಒಮ್ಮೆ ಮೀನಖಂಡ, ಒಮ್ಮೆ ಅಂಗಾಲು. ಅಂಗಾಲಿನದು ಬಂದ ವರ್ಷ ಅವಳು ತೆವಳಿಕೊಂಡು ಹಿತ್ತಲಿಗೆ ಹೋಗುತ್ತಿದ್ದುದನ್ನು ನಾನು ಗೋಡೆಯ ಈ ಕಡೆಯಿಂದ ನೋಡಿದ್ದೆ. ಆಕೆಯ ಗಂಡ ಡಾಕ್ಟರನ್ನು ಕೇಳಿದ್ದನಂತೆ, ಇನ್ನೊಂದು ಸಲ ಕೀಲಿಗೆ ಬಂದರೆ ಕಾಲು ಮಡಚಲು ಬರುವುದಿಲ್ಲ ಅಂದಿದ್ದರಂತೆ. ಕಾಲು ಮಡಚಲು ಬಾರದವಳು ಕಳೆ ತೆಗೆಯುವುದು ಹೇಗೆ, ಒಲೆಯ ಮುಂದೆ ಕೂರುವುದು ಹೇಗೆ.

ಇವರಿಗೆ ಇದೆಲ್ಲ ಗೊತ್ತಿತ್ತು. ಆದರೆ ಇವರದು ಒಂದು ಸ್ವಭಾವ. ಮೇಲಿನವರ ಮುಖ ನೋಡಿ ಒಂದು ಮಾತು ಆಡಲು ಬಾರದು. ಸಾಹೇಬರಿಗೆ ಹೇಳಬೇಕಾದ್ದನ್ನೆಲ್ಲ ನನಗೆ ಹೇಳುತ್ತಿದ್ದರು, ಸಾಹೇಬರಿಗೆ ಕೇಳಿಸುವ ಹಾಗೆ. ಸಾಹೇಬರು ಪಡಸಾಲೆಯಲ್ಲಿ ಊಟಕ್ಕೆ ಕೂತಾಗ ಇವರು ಒಳಮನೆಯ ಬಾಗಿಲಿಗೆ ಮುಖ ಮಾಡಿ, "ಕೇಳಿದೇನ, ಆ ಮೋರಿ ಈ ಮಳೆಗಾಲಕ್ಕ ನಿಲ್ಲಂಗಿಲ್ಲ ಅನಸ್ತೈತಿ" ಅನ್ನುವರು. ನಾನು ಬಾಗಿಲ ಹಿಂದಿನಿಂದ "ಹೌದೇನ್ರಿ? ಮತ್ತ ಬಂಡಿಗೋಳು ಹ್ಯಾಂಗ್ ಹೋಗ್ತಾವ?" ಅನ್ನಬೇಕು. ಮೂರನೆಯ ರೊಟ್ಟಿಯ ಹೊತ್ತಿಗೆ ಸಾಹೇಬರೇ ಆ ಮೋರಿಯ ಮಾತು ಎತ್ತುತ್ತಿದ್ದರು, ಅದು ತಮಗೇ ಹೊಳೆದ ವಿಚಾರ ಎಂಬಂತೆ. ಹುಡುಗಿಯರೇ, ಇದೇ ನಿಮ್ಮ ಕೆಲಸ. ಬಡಿಸುವಾಗ ಏನೂ ತಿಳಿಯದವಳ ಹಾಗೆ ಸರಿಯಾದ ಪ್ರಶ್ನೆ ಕೇಳುವುದು.

ಕನ್ನಡ ಬರುವ ಸಾಹೇಬರಿಗೆ ಇದು ಸರಿ. ದೊಡ್ಡ ಸಾಹೇಬರಿಗೆ ಬರುತ್ತಿದ್ದುದು ಉರ್ದು ಮಾತ್ರ. ಬಹಳ ಮೃದು ಮನುಷ್ಯ, ನನ್ನ ಎಣ್ಣೆಗಾಯಿ ಪಲ್ಲೆಗೆ ಮನಸೋತು ದೌರೆಯಲ್ಲಿ ಒಂದು ಊಟ ನಮ್ಮಲ್ಲೇ ಮಾಡುತ್ತಿದ್ದರು. ಹಾಗಾಗಿ ಇವರು ಉರ್ದು ಬಾರದ ಹೆಂಡತಿಯ ಜೊತೆ ಉರ್ದುವಿನಲ್ಲಿ ಸಂಸಾರದ ಮಾತಾಡಬೇಕಾಯಿತು. ನಾವು ಗುರುತು ಮಾಡಿಕೊಂಡೆವು. ಇವರು ಕೆಮ್ಮಿದರೆ ನಾನು "ಜೀ ಹಾಂ" ಅನ್ನಬೇಕು. ಲೋಟ ಕುಟ್ಟಿದರೆ "ಜೀ ನಹೀಂ". ಎರಡು ವರ್ಷ ಇದು ನಡೆಯಿತು. ಓವರ್‌ಸಿಯರ್ ಬಾಯಾರು, ಅಂದರೆ ನಾನು, ಭಾಳ ತಿಳಿದವರು, ಮಾತು ಕಡಿಮೆ ಎಂದು ಸಾಹೇಬರು ಹೊಗಳಿದರಂತೆ.

ಬಾವಿಯ ಮಾತು ಎತ್ತಲು ಇವರು ತಿಂಗಳುಗಟ್ಟಲೆ ಮನಸ್ಸಿನಲ್ಲೇ ಮಾತು ಜೋಡಿಸಿದರು. ಆ ದಿನ ಸಾಹೇಬರು ಊಟಕ್ಕೆ ಕೂತರು. ಇವರು ಬಾಗಿಲ ಕಡೆ ತಿರುಗಿ ಬಾವಿ, ಹುಣ್ಣು, ಓಣಿಯ ಹೆಂಗಸರು ಎಂದೆಲ್ಲ ಹೇಳಿದರು. ನಾನು ಕೆಮ್ಮಿಗೆ ಹಾಂ ಅಂದೆ, ಸಾಹೇಬರು ತಲೆದೂಗಿದರು. ಕೊನೆಗೆ ಇವರು ಕೇಳಿದ ಪ್ರಶ್ನೆ, ಆಮೇಲೆ ತಿಳಿದದ್ದು, ಹೀಗಿತ್ತು: ಹಾಗಾದರೆ ಈ ಬಾವಿಯನ್ನು ಬಿಟ್ಟು ಬಂಗ್ಲೆಯ ಗುಲಾಬಿ ತೋಟಕ್ಕೆ ಕಂಪೌಂಡು ಕಟ್ಟಿಸಿದರೆ ಸರಿಯೇ? ಇಲ್ಲಿ ಲೋಟ ಕುಟ್ಟಬೇಕು. ಇವರು ಲೋಟಕ್ಕೆ ಕೈ ಹಾಕಿದರು. ಆದರೆ ಅದೇ ಹೊತ್ತಿಗೆ ನನ್ನ ಪಲ್ಲೆಯ ಖಾರ ನೆತ್ತಿಗೇರಿ ಇವರಿಗೆ ಕೆಮ್ಮು ಬಂತು. ಒಂದಲ್ಲ, ಸಾಲಾಗಿ ಬಂತು. ನಾನು ಒಂದೊಂದು ಕೆಮ್ಮಿಗೂ ಒಂದೊಂದು "ಜೀ ಹಾಂ" ಅಂದೆ. ಇಷ್ಟು ಒತ್ತಿ ಹೇಳುವುದನ್ನು ಸಾಹೇಬರು ಎಂದೂ ಕೇಳಿರಲಿಲ್ಲ. ಮನೆಯ ಬಾಯಾರ ಮಾತೇ ಖರೆ, ಹೂವು ಅಂದರೆ ಹೆಂಗಸರಿಗೆ ಜೀವ, ಎಂದು ಅಲ್ಲೇ ಕಂಪೌಂಡು ಮಂಜೂರು ಮಾಡಿದರು.

ಗುಲಾಬಿ ತೋಟಕ್ಕೆ ಕಲ್ಲಿನ ಗೋಡೆ ಬಂತು. ಗುಲಾಬಿಗೆ ನೀರು ಹೋದದ್ದು ಅದೇ ಪಾವಟಿಗಿ ಬಾವಿಯಿಂದ. ಗಿಡಗಳಿಗೆ ನಾರುಹುಣ್ಣು ಆಗುವುದಿಲ್ಲವಾದ್ದರಿಂದ ಚೆನ್ನಾಗಿ ಬೆಳೆದವು. ನಾಗವ್ವನಿಗೆ ನಡೆದದ್ದನ್ನು ಹೇಳಿದೆ. ಅವಳು ಕಾಲು ಚಾಚಿಕೊಂಡು ನಕ್ಕಳು. "ಮುಂದಿನ ಸಲ ಪಲ್ಲೆಕ್ಕ ಖಾರ ಕಡಿಮಿ ಹಾಕ್ರಿ ಅಕ್ಕಾರ. ನನ್ನ ಕಾಲು ನಿಮ್ಮ ಮೆಣಸಿನಕಾಯಿ ಮ್ಯಾಲ ನಿಂತೈತಿ."

ಮುಂದಿನ ಸಲ ಬರಲಿಲ್ಲ. ನಲವತ್ತೆಂಟರ ಪೊಲೀಸ್ ಕಾರ್ಯಾಚರಣೆಯ ಗದ್ದಲ ಬಂತು, ಮುಗಿಯಿತು. ಸರಕಾರ ಬದಲಾಯಿತು, ಜಹಗೀರು ಹೋಯಿತು. ದೊಡ್ಡ ಸಾಹೇಬರ ಕಡೆಯಿಂದ ಇವರಿಗೊಂದು ಕಾಗದ ಬಂತು, ಎಣ್ಣೆಗಾಯಿ ಮಾಡುವ ಬಗೆಯನ್ನು ಬರೆದು ಕಳಿಸಿ ಎಂದು. ಬರೆದು ಕಳಿಸಿದೆವು. ಖಾರದ ಅಳತೆಯನ್ನು ಇವರು ತಾವೇ ಅರ್ಧ ಮಾಡಿದರು.

ಈಗ ತಾಲ್ಲೂಕಿನಲ್ಲಿ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಹೇಳುವವರು ಪಕ್ಷದ ಕಮಿಟಿಯವರು. ಅಧಿಕಾರಿಗಳು ಬರೆಯುವರು, ಆದರೆ ಬರೆಯುವ ಮುಂಚೆ ಕಮಿಟಿಯವರ ಮುಖ ನೋಡುವರು. ನನ್ನ ಅಡಿಗೆಮನೆಗೂ ಹೊಸ ಕಾಲ ಬಂತು. ಮೊದಲ ಸಲ ಕಮಿಟಿಯವರು ಊಟಕ್ಕೆ ಬರುವಾಗ, "ಸಾದಾ ಊಟ ಸಾಕು ಬಾಯಾರ, ನಾವು ಸಾಹೇಬರಲ್ಲ" ಎಂದು ಹೇಳಿ ಕಳಿಸಿದರು. ನಾನು ಖುಷಿಪಟ್ಟೆ. ಸಾದಾ ಊಟದಷ್ಟು ಕಷ್ಟದ ಅಡಿಗೆ ಇಲ್ಲ ಎಂದು ಆಮೇಲೆ ತಿಳಿಯಿತು. ಒಬ್ಬರು ಉಪ್ಪು ಬಿಟ್ಟಿದ್ದರು. ಒಬ್ಬರು ಖಾರ ಬಿಟ್ಟಿದ್ದರು. ಒಬ್ಬರಿಗೆ ಆಡಿನ ಹಾಲೇ ಆಗಬೇಕು, ನಾಗವ್ವನ ಆಡನ್ನು ಹಿಡಿದು ತರಲು ಓಣಿಯೆಲ್ಲ ಓಡಾಟ. ಇನ್ನೊಬ್ಬರು ನೂಲು ತೆಗೆಯದೇ ಉಣ್ಣುವುದಿಲ್ಲ. ಎಲೆ ಹಾಕಿದ ಮೇಲೆ ಅವರು ತಕಲಿ ತೆಗೆದು ಕೂತರು, ದಾರ ಹರಿಯಿತು, ಮತ್ತೆ ಜೋಡಿಸಿದರು. ಬಿಸಿ ರೊಟ್ಟಿ ಹಪ್ಪಳವಾಯಿತು. ಕುರ್ಚಿ ಬೇಡ, ನೆಲವೇ ಸಾಕು ಅಂದರು. ಜಿಲ್ಲೆಯಿಂದ ಬಂದಿದ್ದ ಇಂಜಿನಿಯರು ಬಿಗಿ ಪಾಟಲೋನು ತೊಟ್ಟಿದ್ದರು, ಪಾಪ, ಅವರಿಗೆ ಕೂರಲೂ ಆಗದು, ಎಲ್ಲರೂ ಕೂತಾಗ ನಿಲ್ಲಲೂ ಆಗದು. ಕೊನೆಗೆ ಗೋಡೆಗೆ ಒರಗಿ ಒಂದು ಮಂಡಿ ಊರಿ ಉಂಡರು. ಕಾನ್ವೆಂಟಿನ ಪ್ರಾರ್ಥನೆಯ ಕೋಣೆ ನೆನಪಾಯಿತು ನನಗೆ.

ಹಣ ಎಲ್ಲಿ ಹೋಗುತ್ತದೆ ಅನ್ನುವ ಲೆಕ್ಕವೂ ಬದಲಾಯಿತು. ಮೊದಲು ಒಬ್ಬರ ಕಣ್ಣಿಗೆ ಕಂಡರೆ ಸಾಕಿತ್ತು. ಈಗ ಜನ ಕೂಡಿದಾಗ ಕಾಣಬೇಕು. ಸಭೆಗೆ ಕಟ್ಟೆ, ಊರ ಬಾಗಿಲಿಗೆ ಕಮಾನು, ಓದುವ ಕೋಣೆ. ಜಿಲ್ಲಾ ಕಮಿಟಿಯಲ್ಲಿ ಗಂಗಾವತಿಯವರು ಜೋರಾದರೆ ಕಾಲುವೆಯ ಮಾತು, ಕೊಪ್ಪಳದವರು ಜೋರಾದರೆ ಸ್ಟೇಷನ್ ರಸ್ತೆಯ ಮಾತು. ಯಲಬುರ್ಗಾದವರು ಜೋರಾಗುವುದು ಅಪರೂಪ, ಯಾಕೆಂದರೆ ನಮ್ಮವರು ನಮ್ಮವರ ಮೇಲೆಯೇ ಜೋರು ಮಾಡುತ್ತಿದ್ದರು. ಇಲ್ಲಿ ಕಮಿಟಿಯ ಅಧ್ಯಕ್ಷರು ಚನ್ನಬಸಪ್ಪ, ಪೇಟೆಯ ಅರಿವೆ ವ್ಯಾಪಾರಿ. ಅವರ ಎದುರು ಗುಂಪು ವೀರನಗೌಡರದು, ಕಚೇರಿಯ ಎದುರಿಗೇ ಅವರ ವಾಡೆ. ಇಬ್ಬರದೂ ಒಂದೇ ಪಕ್ಷ, ಒಂದೇ ಟೋಪಿ. ಒಬ್ಬರು ಹೌದು ಅಂದದ್ದನ್ನು ಇನ್ನೊಬ್ಬರು ಕೇಳುವ ಮುಂಚೆಯೇ ಅಲ್ಲ ಅನ್ನುವರು.

ಕಮಿಟಿಯವರ ಕಿವಿಗೂ ಬಾವಿಯ ಮಾತನ್ನು ಇವರು ಎರಡು ಸಲ ಹಾಕಿದರು. "ಬಾವಿ ಜಹಗೀರಿನ ಕಾಲದ್ದು, ಅವ್ರ ತಪ್ಪು ನಾವ್ಯಾಕ ತಿದ್ದಬೇಕು" ಅಂದರು ಒಂದು ಸಲ. "ಬಾವ್ಯಾಗ ಏನ್ ಕಾಣತೈತಿ, ಕಟ್ಟಿ ಮೊದಲ ಆಗ್ಲಿ" ಅಂದರು ಇನ್ನೊಂದು ಸಲ. ಸಭೆಯ ಕಟ್ಟೆ ಮಂಜೂರಾಗಿತ್ತು, ಎಲ್ಲಿ ಎಂಬುದು ಮಾತ್ರ ತೀರ್ಮಾನವಾಗಿರಲಿಲ್ಲ. ಆ ಸಂಜೆ ಇವರು ಕೈಕಾಲು ತೊಳೆದು ಅಡಿಗೆಮನೆಗೆ ಬಂದು ಮೆಲ್ಲಗೆ ಅಂದರು, "ಇನ್ನ ಬಾವಿ ಅನ್ನೂ ಶಬ್ದ ನನ್ನ ಬಾಯಾಗ ಬರಬಾರದು. ನಿನ್ನ ಬಾಯಾಗ ಬರಬೇಕು. ಅದೂ ಕಟ್ಟಿ ಮಾತಿನ್ಯಾಗ."

ಜಾಗದ ತೀರ್ಮಾನಕ್ಕೆ ಎಲ್ಲರೂ ನಮ್ಮ ಮನೆಯಲ್ಲಿ ಊಟಕ್ಕೆ ಕೂಡಿದರು. ನೂಲು ತೆಗೆದದ್ದಾಯಿತು, ಉಪ್ಪಿಲ್ಲದ ಸಾರು ಉಪ್ಪು ಬಿಟ್ಟವರಿಗೆ ಹೋಯಿತು. ಜಗಳ ಶುರುವಾಯಿತು.

"ಮಂದಿ ಇರೋದು ಪ್ಯಾಟ್ಯಾಗ. ಕಟ್ಟಿ ಪ್ಯಾಟ್ಯಾಗ ಆಗಬೇಕು," ಅಂದರು ಚನ್ನಬಸಪ್ಪ.

"ಪ್ಯಾಟಿ ಅಂದ್ರ ನಿಮ್ಮ ಅಂಗಡಿ ಮುಂದ," ಅಂದರು ಗೌಡರು. "ಭಾಷಣ ಕೇಳಾಕ ಬಂದವ್ರು ಧೋತ್ರ ತಗೊಂಡು ಹೋಗ್ಲಿ ಅಂತ."

"ಕಚೇರಿ ಮುಂದ ಮಾಡಿದ್ರ ನಿಮಗ ಅನುಕೂಲ ಬಿಡ್ರಿ. ವಾಡೇದ ಕಿಟಕ್ಯಾಗ ಅಡ್ಡಾಗಿ ಕೇಳಬಹುದು."

ಇವರು ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿ ನನ್ನ ಕಡೆ ತಿರುಗಿದರು. ನಾನು ಬಾಗಿಲ ಹಿಂದೆ ಇರುವ ಕಾಲ ಹೋಗಿತ್ತು. ರೊಟ್ಟಿ ಬುಟ್ಟಿ ಹಿಡಿದು ನಡುವೆಯೇ ನಿಂತಿದ್ದೆ. "ಕೇಳಿದೇನ, ಇಬ್ಬರದೂ ಖರೇನ. ನಾ ಸಣ್ಣ ನೌಕರ. ಯಾರ ಬಾಗಿಲ ಮುಂದೂ ಅಲ್ಲದ ಜಾಗಾ ಈ ಊರಾಗ ಎಲ್ಲಿ ಐತಿ, ನೀನ ಹೇಳು."

"ಹತ್ತಿ ಗಿರಣಿ ಹತ್ರ ಆಗಂಗಿಲ್ಲೇನ್ರಿ?" ಅಂದೆ. ಮೊದಲು ಆಗದ ಜಾಗಗಳನ್ನೇ ಹೇಳಬೇಕು.

"ಸಪ್ಪಳ. ಭಾಷಣ ಕೇಳಂಗಿಲ್ಲ," ಅಂದರು ಇವರು.

"ಸಂತಿ ಬಯಲು?"

"ತಗ್ಗು. ನಿಂತವ್ರ ಟೋಪಿನೂ ಕಾಣಂಗಿಲ್ಲ."

"ಮತ್ತ ಬಾವಿ ದಿಬ್ಬ?"

"ಛೇ, ಅದ್ಯಾಕ," ಅಂದರು ಇವರು, ನಿಜಕ್ಕೂ ಬೇಸರ ಬಂದವರ ಹಾಗೆ. "ಅಲ್ಲಿ ಯಾರ ಮನೀನೂ ಇಲ್ಲ, ಖರೆ. ಅಲ್ಲಿ ನಿಂತವ್ರು ಕಚೇರಿ ಕಟ್ಟಿಗಿಂತ ಎತ್ತರ ಕಾಣತಾರ, ಅದೂ ಖರೆ. ಆದ್ರ ಕಟ್ಟಬೇಕಾದ್ರ ಪಾವಟಿಗಿ ಮ್ಯಾಲ ಕಟ್ಟಬೇಕಾಕ್ಕೈತಿ. ಅವನ್ನ ಕಲ್ಲು ಹಾಕಿ ತುಂಬಬೇಕು. ಬ್ಯಾಡ."

ಉಣ್ಣುವವರ ಬಾಯಿ ನಿಂತಿತು. ಕಚೇರಿಯ ಕಟ್ಟೆ ಎತ್ತರದ್ದು. ಎಷ್ಟೋ ವರ್ಷ ಈ ಇಬ್ಬರೂ ಅದರ ಕೆಳಗೆ ಕೈಕಟ್ಟಿ ನಿಂತವರು.

"ಕಚೇರಿ ಕಟ್ಟಿಗಿಂತ ಎತ್ತರಾ?" ಅಂದರು ಚನ್ನಬಸಪ್ಪ.

"ಮೊಣಕಾಲಷ್ಟು ಹೆಚ್ಚ ಆಗಬಹುದ್ರಿ. ಆದ್ರ ಪಾವಟಿಗಿ ಮುಚ್ಚಿದ್ರ ಹೆಣಮಕ್ಕಳಿಗೆ ನೀರು ಸೇದಾಕ ಗಡಗಡಿ ಹಾಕಬೇಕಾಕ್ಕೈತಿ. ಸುಮ್ಮನ ಖರ್ಚು."

"ಖರ್ಚಿನ ಚಿಂತಿ ನಿಮಗ್ಯಾಕ," ಅಂದರು ಗೌಡರು. ಇದು ಚನ್ನಬಸಪ್ಪನವರ ಬಾಯಿಂದ ಮೊದಲು ಬಂದೀತು ಎಂಬ ಭಯ ಅವರ ಮುಖದಲ್ಲಿ ಕಾಣುತ್ತಿತ್ತು. "ದಿಬ್ಬದ ಮ್ಯಾಲ ಆಗ್ಲಿ ಅಂತ ನಾ ಮೊದಲ ಅಂದಿದ್ದೆ."

"ನೀವ್ ಯಾವಾಗ ಅಂದ್ರಿ? ನನ್ನ ಮನಸ್ಸಿನ್ಯಾಗ ಹೋದ ವರ್ಷದಿಂದ ಐತಿ," ಅಂದರು ಚನ್ನಬಸಪ್ಪ. ಇಬ್ಬರೂ ಒಂದೇ ಮಾತಿಗೆ ಒಪ್ಪಿದ್ದು ನಾನು ಕಂಡದ್ದು ಅದೊಂದೇ ಸಲ. ಖಾರ ಬಿಟ್ಟವರು ಮರೆತು ಚಟ್ನಿ ಹಾಕಿಸಿಕೊಂಡರು.

ಇಲ್ಲಿಗೆ ಮುಗಿಯಿತು ಅಂದುಕೊಂಡಿರಿ. ನಾನೂ ಅಂದುಕೊಂಡಿದ್ದೆ. ಪಾವಟಿಗಿ ತುಂಬಿತು, ಮೇಲೆ ಚಪ್ಪಡಿ ಕಲ್ಲು ಬಿತ್ತು, ಗಚ್ಚು ಹಾಕಿ ಕಟ್ಟೆ ಎದ್ದಿತು. ಭಾಷಣ ಮಾಡುವವರು ನಿಲ್ಲುವಲ್ಲಿ ಇಡಲು ಕಿನ್ನಾಳದ ಚಿತ್ರಗಾರರಿಂದ ಬಣ್ಣದ ಹಲಗೆಯೂ ಬಂತು, ಅಂಚಿಗೆಲ್ಲ ಗಿಳಿ. ಅಷ್ಟರಲ್ಲಿ ಊರಬಾಗಿಲಿಗೆ ಕಮಾನು ಬೇಕು, ಅದಕ್ಕೆ ಕಲ್ಲು ಸಾಲದು ಎಂದಾಯಿತು. ಗಡಗಡಿ ನಿಲ್ಲಿಸಲು ಕಡಿದಿಟ್ಟ ಕಲ್ಲುಗಂಬಗಳನ್ನು ಬಂಡಿಗೆ ಹೇರಿ ಒಯ್ದರು. ಪಾವಟಿಗಿ ಇಲ್ಲ, ಗಡಗಡಿಯೂ ಇಲ್ಲ. ನಾಗವ್ವ ಆಗ ನನ್ನ ಮೇಲೆ ಸಿಟ್ಟಾದಳು. "ಮೊದಲು ಕಾಲು ಕೆಡತಿತ್ತು, ಈಗ ನೀರೂ ಇಲ್ಲ. ನಿಮ್ಮ ಮನಿಯವ್ರಿಗೆ ಹೇಳ್ರಿ, ಕಟ್ಟಿ ಹಿಂಡಿದ್ರ ನೀರ ಬರತಾವೇನು."

ಹೆಂಗಸರು ಬೇರೆ ದಾರಿಯಿಲ್ಲದೇ ಕಟ್ಟೆಯ ಮೇಲೆಯೇ ಹತ್ತಿ, ಅದರ ಅಂಚಿನಿಂದ ಹಗ್ಗ ಬಿಟ್ಟು ನೀರು ಸೇದತೊಡಗಿದರು. ಸೇದಿದ ನೀರು ಚೆಲ್ಲುವುದು ಸಹಜ. ಎರೆಮಣ್ಣಿನ ಕಾಲುಗಳು ಮೆಟ್ಟುವುದೂ ಸಹಜ. ಬೇಕಂತಲೇ ಚೆಲ್ಲಿದರು ಎಂದು ನಾನು ಹೇಳುವುದಿಲ್ಲ. ಅಧ್ಯಕ್ಷರು ಹೊಸ ಧೋತ್ರದಲ್ಲಿ ಕಟ್ಟೆ ನೋಡಲು ಬಂದರು. ಕಟ್ಟೆ ತೆರೆಯಲು ಬರುವ ಪಕ್ಷದ ಮುಖಂಡರು ಎಲ್ಲಿ ನಿಲ್ಲಬೇಕೆಂದು ತೋರಿಸಲು ಕಟ್ಟೆಯ ನಡುವೆ ಹೋಗಿ ಕೈ ಎತ್ತಿದರು. ಕಾಲು ಮುಂದೆ ಹೋಯಿತು, ಅಧ್ಯಕ್ಷರು ಹಿಂದೆ ಉಳಿದರು. ಕೂತ ಜಾಗದಿಂದಲೇ, "ಮುಖಂಡ್ರು ಇಲ್ಲಿ ಬಿದ್ರ ಯಾರ ಹೊಣಿ?" ಎಂದು ಇವರನ್ನು ಕೇಳಿದರು.

ಇವರು ಅವರಿಗೆ ಉತ್ತರ ಕೊಡಲಿಲ್ಲ. ಕಟ್ಟೆಯ ಕೆಳಗೆ ನಿಂತಿದ್ದ ನನಗೆ ಹೇಳಿದರು. "ನೋಡು, ಆ ಕಡೆ ಮೂರು ಗಡಗಡಿ ಹಾಕಿದ್ರ ಹೆಣಮಕ್ಕಳು ಈ ಕಟ್ಟಿ ಮ್ಯಾಲ ಕಾಲ ಇಡತಿದ್ದಿಲ್ಲ. ಆದ್ರ ಕಲ್ಲು ಕಮಾನಿಗೆ ಹೋಗ್ಯಾವ."

ಆ ಸಂಜೆಯೇ ಕಮಾನಿನಿಂದ ಕಲ್ಲುಗಂಬಗಳು ವಾಪಸು ಬಂದವು. ಕಮಾನು ಒಂದು ಕಡೆ ಗಿಡ್ಡವಾಯಿತು. ಇಂದಿಗೂ ಹಾಗೆಯೇ ಇದೆ.

ಇನ್ನು ಆ ದಿನದ ಮಾತಿಗೆ ಬರುತ್ತೇನೆ. ಇವರು ಗಂಜಿ ಹಾಕಿದ ಅಂಗಿ ತೊಟ್ಟು ಮುಖಂಡರನ್ನು ಕರೆತರಲು ತಳಕಲ್ ಸ್ಟೇಷನ್ನಿಗೆ ಹೋದರು. ನಾನು ನಾಗವ್ವನ ಕೈ ಹಿಡಿದು ಮೆಲ್ಲಗೆ ದಿಬ್ಬ ಹತ್ತಿಸಿದೆ. ಹೆಂಗಸರೆಲ್ಲ ಕಟ್ಟೆಯ ಹಿಂದೆ ಗಡಗಡಿಯ ಕಡೆ ನಿಂತೆವು. ಮುಖಂಡರು ಬಂದರು, ಎತ್ತರದ ಮನುಷ್ಯ, ಕಟ್ಟೆಯ ಮೇಲೆ ಇನ್ನೂ ಎತ್ತರವಾಗಿ ಕಂಡರು. ಅಧ್ಯಕ್ಷರು ಒಂದು ಪಕ್ಕ, ಗೌಡರು ಒಂದು ಪಕ್ಕ. ಇಬ್ಬರ ಕಾಲುಗಳೂ ಒಣಗಿದ ಕಲ್ಲನ್ನು ಒತ್ತಿ ಹಿಡಿದಿದ್ದವು.

ಮುಖಂಡರು ಮಾತು ಶುರು ಮಾಡಿದರು. ಅದು ನೀರಿನ ಹೊತ್ತು. ಸಭೆ ಇದೆ ಎಂದು ಯಾರ ಮನೆಯ ಹಂಡೆಯೂ ತುಂಬುವುದಿಲ್ಲ. ಮೊದಲು ಒಬ್ಬಳು ಕೊಡ ಇಳಿಸಿದಳು. ಗಡಗಡಿ ಹೊಸದು, ಒಣ ಕಬ್ಬಿಣ, ದನಿ ದೊಡ್ಡದು. "ಹಿಂದಿನ ಆಳ್ವಿಕೆಯಲ್ಲಿ," ಅಂದರು ಮುಖಂಡರು. ಕಿರ್ರ್ ಅಂತು ಗಡಗಡಿ. "ಜನರ ಹಣ," ಅಂದರು. ಎರಡನೆಯ ಗಡಗಡಿ ಜೊತೆಗೂಡಿತು. "ಜನರಿಗಾಗಿ ಖರ್ಚಾಗಲಿಲ್ಲ." ಮೂರನೆಯದೂ ಸೇರಿತು. ಅವರು ಅನುಭವಸ್ಥರು, ಕೊಡ ಮೇಲೆ ಬರುವವರೆಗೆ ಕಾದು, ಕೆಳಗೆ ಇಳಿಯುವ ಸಮಯದಲ್ಲಿ ಮಾತಾಡಲು ಕಲಿತರು. ಭಾಷಣ ನಮ್ಮ ಕೊಡಗಳ ತಾಳಕ್ಕೆ ಬಂತು. ಪಕ್ಷವು ಜನರಿಗೆ ನಿಂತು ಮಾತಾಡಲು ಒಂದು ಜಾಗ ಕೊಟ್ಟಿದೆ ಎಂದು ಹೇಳಿದರು, ಜನ ಚಪ್ಪಾಳೆ ಹೊಡೆದರು. ನಡುವೆ ಗಂಟಲು ಒಣಗಿತು. ಯಾರೋ ತಂಬಿಗೆಯಲ್ಲಿ ಆಗತಾನೇ ಸೇದಿದ ನೀರು ಕೊಟ್ಟರು. ಕುಡಿದು, "ನೀರು ಛಲೋ ಅದಾವ" ಅಂದರು, ಹಿಂದಕ್ಕೆ ತಿರುಗಿ ನೋಡಲಿಲ್ಲ. ಬಾವಿಯ ಹೆಸರನ್ನು ಇಡೀ ಭಾಷಣದಲ್ಲಿ ಯಾರೂ ಎತ್ತಲಿಲ್ಲ. ಇವರು ಕಟ್ಟೆಯ ಬದಿಯಲ್ಲಿ ನಿಂತು ನನ್ನನ್ನು ನೋಡಿದರು. ನಗಬಾರದೆಂದು ಇಬ್ಬರೂ ಬೇರೆ ಬೇರೆ ಕಡೆ ನೋಡಿದೆವು.

ನಾಗವ್ವ ಕುಂಟುತ್ತಲೇ ಹೋಗಿ ನಡುವಿನ ಗಡಗಡಿಯ ಹಗ್ಗ ಹಿಡಿದಳು. ಕೊಡ ಕೆಳಗಿಳಿಯಿತು, ತುಂಬಿತು, ಮೇಲೆ ಬಂತು. ಅವಳ ಕಾಲು ನೀರಿನಿಂದ ಅಷ್ಟು ಮೇಲೆ, ಒಣ ಕಲ್ಲಿನ ಮೇಲೆ ಇತ್ತು. ಅವಳು ಬಗ್ಗಿ ಒಮ್ಮೆ ಕೆಳಗಿನ ನೀರನ್ನೂ ಒಮ್ಮೆ ತನ್ನ ಕಾಲನ್ನೂ ನೋಡಿಕೊಂಡಳು.

ಸಂಜೆ ಮುಖಂಡರನ್ನು ಕಳಿಸಿ, ಪಾತ್ರೆ ತೊಳೆದಿಟ್ಟು, ನಾನು ಹೊಸ್ತಿಲಲ್ಲಿ ಕೂತೆ. ನಾಗವ್ವ ತನ್ನ ಮನೆಯ ಜಗಲಿಯ ಮೇಲೆ ಕಾಲು ಚಾಚಿ ಕಡ್ಡಿಗೆ ಆ ದಿನದ ಸುತ್ತು ಸುತ್ತುತ್ತಿದ್ದಳು. ಒಳಗೆ ಅವಳ ಅತ್ತೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು.

"ಡಾಕ್ಟರು ಹೇಳ್ಯಾರ," ಅಂದೆ ನಾನು. "ಬರೋ ವರ್ಷ ಹಳೇ ನೀರಿಂದು ಒಂದು ಬಂದ್ರ ಬರಬಹುದು. ಅದರ ಮುಂದ ಈ ಹುಣ್ಣು ನಿನಗ ಎಂದೂ ಬರಂಗಿಲ್ಲ ನಾಗವ್ವ."

ಅವಳು ಕಡ್ಡಿಯನ್ನು ಅರಿವೆಯಲ್ಲಿ ಸುತ್ತಿ ಗಂಟು ಹಾಕಿದಳು.

"ಅದೂ ಖರೇನ ಅಕ್ಕಾರ," ಅಂದಳು. "ಆದ್ರ ವರ್ಷಾ ವರ್ಷಾ ಬಿತ್ತಗಿ ಹೊತ್ತಿನ್ಯಾಗ ಒಂದು ತಿಂಗಳು ನಮ್ಮತ್ತಿ ರೊಟ್ಟಿ ಬಡೀತಿದ್ಲು, ನಾ ಕುಂತು ಉಣತಿದ್ದೆ. ಇನ್ನ ಏನ್ ನೆವ ಹೇಳಿ ಕುಂದ್ರಬೇಕು ನಾನು?"